ಈ ರಜೆಯಲ್ಲಿ ಕ್ಯಾಮೆರಾ ಬಾಡಿಗೆಗೆ ತರಬೇಡಿ

1/8

ಸೆಮ್ ಮುಗೀತು, ಇಪ್ಪತ್ತು ದಿನ ರಜೆ. ಕ್ಲಾಸ್ ಗ್ರೂಪಲ್ಲಿ ಮೊದಲನೇ ಮೆಸೇಜ್ ಬಂದಾಯ್ತು: "ಮಗಾ, ಈ ಸಲ ಶಾರ್ಟ್ ಫಿಲ್ಮ್ ಪಕ್ಕಾ." ಎರಡನೇ ಮೆಸೇಜ್: "ಯಾವ ಕ್ಯಾಮೆರಾ ತರೋಣ?" ಮೂರನೇದು ಪೋಸ್ಟರ್ ಫಾಂಟ್ ಬಗ್ಗೆ. ಕಥೆ ಏನು ಅಂತ ಕೇಳಿದೋರು, ನಾನು ಇದನ್ನ ಟೈಪ್ ಮಾಡೋ ಹೊತ್ತಿಗೂ, ಒಬ್ಬರೂ ಇಲ್ಲ.

ನನ್ನ ಮಾತು ಮೊದಲೇ ಹೇಳ್ಬಿಡ್ತೀನಿ. ರಜೆಯಲ್ಲಿ ಗೆಳೆಯರು ಸೇರಿ ಮಾಡೋ ಸಿನಿಮಾಗೆ ಕ್ಯಾಮೆರಾ ಬಾಡಿಗೆಗೆ ತರಲೇಬಾರದು. ದುಡ್ಡು ದಂಡ ಅನ್ನೋದು ಇದಕ್ಕೆ ಸಣ್ಣ ಕಾರಣ. ದೊಡ್ಡ ಕಾರಣ ಬೇರೆ ಇದೆ: ಬಾಡಿಗೆ ಕ್ಯಾಮೆರಾ ಬಂದ ತಕ್ಷಣ ಆ ಸಿನಿಮಾದಲ್ಲಿ ಯಾರು ಇರ್ತಾರೆ, ಯಾರು ಹೊರಗೆ ಬೀಳ್ತಾರೆ ಅನ್ನೋದು ತೀರ್ಮಾನ ಆಗ್ಬಿಡುತ್ತೆ. ಅದು ಯಾರ ಗಮನಕ್ಕೂ ಬರಲ್ಲ. ನನಗೆ ಸಿಟ್ಟು ಬಂದಿರೋದು ಅದಕ್ಕೆ.

ಎಂಟು ಪೋಸ್ಟ್ ಇದೆ. ಬೈಯೋರು ಪೂರ್ತಿ ಓದಿ ಆಮೇಲೆ ಬೈಯಿರಿ. ಗಿಂಬಲ್ ಪ್ರೇಮಿಗಳು ಐದನೇ ಪೋಸ್ಟ್‌ಗೆ ನೇರವಾಗಿ ಹಾರಬಹುದು, ನಿಮಗೆ ಅಲ್ಲಿ ಕಾದಿದೆ.

2/8

ಬಾಡಿಗೆ ಲೆಕ್ಕ ನೋಡೋಣ. ಕ್ಯಾಮೆರಾ ಬಾಡಿಗೆ ದಿನದ ಲೆಕ್ಕದಲ್ಲಿ. ಬಾಡಿಗೆ ಬೇರೆ, ಲೆನ್ಸ್ ಬೇರೆ, ಟ್ರೈಪಾಡ್ ಬೇರೆ, ಲೈಟ್ ಬೇರೆ, ಬ್ಯಾಟರಿ ಎರಡನೇದು ಬೇಕಂದ್ರೆ ಅದೂ ಬೇರೆ. (ಮೊದಲನೇ "ಬಾಡಿ" ಅಂದ್ರೆ ಕ್ಯಾಮೆರಾ ಬಾಡಿ ಕಣ್ರೋ.) ಮೇಲೆ ಡೆಪಾಸಿಟ್, ಜೊತೆಗೆ ಯಾರದಾದ್ರೂ ಒರಿಜಿನಲ್ ಐಡಿ. ಐದು ಜನ ತಲಾ 2,000 ಹಾಕಿದ್ರೆ 10,000. ಅದರಲ್ಲಿ ಬರೋದು ಹೆಚ್ಚಂದ್ರೆ ಒಂದು ಶನಿವಾರ, ಒಂದು ಭಾನುವಾರ.

ಈಗ ಇಪ್ಪತ್ತು ದಿನದ ರಜೆ ಎರಡು ದಿನಕ್ಕೆ ಇಳೀತು. ಎರಡೇ ದಿನ ಅಂದ್ಮೇಲೆ ಬೆಳಗ್ಗೆ 5ಕ್ಕೆ ಶುರು, ರಾತ್ರಿ 11ಕ್ಕೆ ಪ್ಯಾಕಪ್. ಈ ಟೈಮಿಂಗ್‌ಗೆ ಯಾರು ಬರೋಕಾಗುತ್ತೆ, ನೀವೇ ಹೇಳಿ.

ಬಸವೇಶ್ವರನಗರದ ನಮ್ಮ ಗೆಳತಿ ಏಳು ಗಂಟೆಯೊಳಗೆ ಮನೆ ಸೇರಬೇಕು. ಅವಳಪ್ಪ ಕೆಟ್ಟೋರಲ್ಲ, ಆದ್ರೆ ಏಳು ಅಂದ್ರೆ ಏಳೇ. ಇನ್ನೊಬ್ಬ ಶನಿವಾರ ಭಾನುವಾರ ಮೆಡಿಕಲ್ ಸ್ಟೋರಲ್ಲಿ ಕೆಲಸ ಮಾಡ್ತಾನೆ, ಫೀಸ್ ಅವನೇ ಕಟ್ಕೊಳ್ಳೋದು. ಮತ್ತೊಬ್ಬಳು ಅಮ್ಮನ ಟೈಲರಿಂಗ್ ಅಂಗಡಿಯಲ್ಲಿ ಕೂರಬೇಕು, ಹಬ್ಬದ ಸೀಸನ್ ಬೇರೆ. ಇವರಲ್ಲಿ ಯಾರ ಹತ್ರನೂ 2,000 ಇಲ್ಲ, ಎರಡು ಪೂರ್ತಿ ದಿನಾನೂ ಇಲ್ಲ. ಹಾಗಾಗಿ ಅವರ ಹೆಸರು ಕೊನೆಯಲ್ಲಿ "ವಿಶೇಷ ಧನ್ಯವಾದ" ಅಂತ ಸ್ಕ್ರೋಲ್ ಆಗುತ್ತೆ. ಅದೂ ಸ್ಪೆಲಿಂಗ್ ತಪ್ಪಾಗಿ.

ಜಾಸ್ತಿ ದುಡ್ಡು ಹಾಕಿದೋನು ಡೈರೆಕ್ಟರ್. ಇದನ್ನ ಯಾರೂ ವೋಟ್ ಹಾಕಿ ತೀರ್ಮಾನ ಮಾಡಲ್ಲ, ತಾನಾಗೇ ಆಗುತ್ತೆ.

ಮತ್ತೆ ಹೀರೋಯಿನ್ ವಿಷ್ಯ. ಸಂಜೆ ಐದಕ್ಕೆ ಅವಳು ಹೊರಡಬೇಕು ಅಂದಾಗ ಏನ್ಮಾಡ್ತಾರೆ? ಅವಳ ಡೈಲಾಗ್ ಸೀನ್ ಎಲ್ಲ ಹಾರಿಸಿ, ದುಪಟ್ಟಾ ಹಾರೋ ಎರಡು ಸ್ಲೋ ಮೋಷನ್ ಶಾಟ್ ತಗೊಂಡು ಕಳಿಸ್ತಾರೆ. ಮೇಲೆ ಬಿಜಿಎಂ. ನಿಮ್ಮ ಕಾಲೇಜಲ್ಲಿ ಕಳೆದ ವರ್ಷ ಬಂದ ಶಾರ್ಟ್ ಫಿಲ್ಮ್‌ಗಳನ್ನ ಮತ್ತೆ ಹಾಕಿ, ಹುಡುಗೀರು ಬಾಯಿ ಬಿಟ್ಟು ಎಷ್ಟು ವಾಕ್ಯ ಮಾತಾಡಿದಾರೆ ಎಣಿಸಿ. ನಾನು ನೋಡಿದ ಒಂದರಲ್ಲಿ ಸರಿಯಾಗಿ ಒಂದು ವಾಕ್ಯ ಇತ್ತು. "ಸಾರಿ, ನಂಗೆ ಲೇಟಾಯ್ತು." ಶೂಟಿಂಗಲ್ಲೇ ಹೇಳಿದ್ದನ್ನ ಹಾಗೇ ಇಟ್ಕೊಂಡ್ರೇನೋ.

3/8

ಹೋದ ರಜೆಯಲ್ಲಿ ನನಗೆ ಗೊತ್ತಿರೋ ಒಂದು ಗ್ಯಾಂಗ್ ಹೀಗೇ ತಂದ್ರು. ಹೆಸರು ಬೇಡ, ಅಂಗಡಿ ಹೆಸರೂ ಬೇಡ. ವಾಪಸ್ ಕೊಡುವಾಗ ಅಂಗಡಿಯವರು ಲೆನ್ಸ್ ಮೇಲೆ ಹೊಸ ಗೀರು ಇದೆ ಅಂದ್ರು. ಇವರು ಮೊದಲೇ ಇತ್ತು ಅಂದ್ರು. ತಗೊಳ್ಳುವಾಗ ಯಾರೂ ಫೋಟೋ ತೆಗೆದಿರಲಿಲ್ಲ. ಡೆಪಾಸಿಟ್ ಹೋಯ್ತು. ಅದರಲ್ಲಿ ಒಬ್ಬಂದು ಎಕ್ಸಾಮ್ ಫೀಸ್ ದುಡ್ಡು ಇತ್ತು. "ಮುಂದಿನ ವಾರ ಕೊಡ್ತೀವಿ" ಅಂದ ಉಳಿದ ನಾಲ್ಕು ಜನ ಇವತ್ತಿಗೂ ಕೊಡ್ತಾನೇ ಇದಾರೆ. ಆ ಹುಡುಗ ಈಗ ಕ್ಯಾಂಟೀನಲ್ಲಿ ಬೇರೆ ಟೇಬಲ್ಲಲ್ಲಿ ಕೂರ್ತಾನೆ. ಫೂಟೇಜ್ ಯಾರದೋ ಹಾರ್ಡ್ ಡಿಸ್ಕಲ್ಲಿದೆ, ಎಡಿಟ್ ಆಗಿಲ್ಲ.

"ಎರಡು ದಿನದಲ್ಲಿ ಮುಗಿಸೋದೇ ಪ್ರೊಫೆಷನಲ್" ಅನ್ನೋರಿಗೆ ಒಂದು ಹಳೇ ಕಥೆ. 1952ರ ಅಕ್ಟೋಬರ್‌ನಲ್ಲಿ ಸತ್ಯಜಿತ್ ರಾಯ್ 'ಪಥೇರ್ ಪಾಂಚಾಲಿ' ಶೂಟಿಂಗ್ ಶುರು ಮಾಡಿದಾಗ ಜಾಹೀರಾತು ಕಂಪನಿಯ ನೌಕರ. ರಜಾ ದಿನ ನೋಡ್ಕೊಂಡು ಶೂಟ್ ಮಾಡ್ತಿದ್ರು. ಕ್ಯಾಮೆರಾಮನ್ ಸುಬ್ರತ ಮಿತ್ರ ಅದಕ್ಕೆ ಮುಂಚೆ ಸಿನಿಮಾ ಕ್ಯಾಮೆರಾ ನಡೆಸಿದೋರೇ ಅಲ್ಲ. ಕಾಶ್ ಹೂವಿನ ಬಯಲಲ್ಲಿ ಒಂದು ದಿನ ತೆಗೆದು, ಮುಂದಿನ ವಾರ ಹೋದ್ರೆ ದನ ಬಂದು ಹೂವನ್ನೆಲ್ಲ ಮೇಯ್ದುಬಿಟ್ಟಿದ್ವು. ಮತ್ತೆ ಹೂ ಬಿಡೋ ಕಾಲಕ್ಕೆ ಕಾದ್ರು. ದುಡ್ಡು ಮುಗಿದಾಗಲೆಲ್ಲ ಕೆಲಸ ನಿಲ್ತಿತ್ತು. ಸಿನಿಮಾ ಹೊರಬಂದಿದ್ದು 1955ರಲ್ಲಿ.

ಅವರ ಕಾಲದಲ್ಲಿ ಜೇಬಲ್ಲಿ ಕ್ಯಾಮೆರಾ ಇರಲಿಲ್ಲ. ನಮ್ಮ ಜೇಬಲ್ಲಿದೆ. ದಿನಕ್ಕೆ ಒಂದೂವರೆ ಗಂಟೆ, ಇಪ್ಪತ್ತು ದಿನ ಅಂದ್ರೆ 30 ಗಂಟೆ. ಎರಡು ದಿನದ ಬಾಡಿಗೆಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಗಂಟೆ ಸಿಗೋದು. ಆದ್ರೆ ಈ 30 ಗಂಟೆಗೆ ಏಳು ಗಂಟೆಯೊಳಗೆ ಮನೆ ಸೇರಬೇಕಾದೋಳೂ ಬರ್ತಾಳೆ, ಮೆಡಿಕಲ್ ಸ್ಟೋರಿನೋನೂ ಬರ್ತಾನೆ. ಸೋಮವಾರ ತೆಗೆದ ಸೀನ್ ಕೆಟ್ಟದಾಗಿದ್ರೆ ಮಂಗಳವಾರ ಮತ್ತೆ ತೆಗೀಬಹುದು. ಹೊಸಬರಿಗೆ ಬೇಕಾಗಿರೋದೇ ಅದು, ಮತ್ತೆ ತೆಗೆಯೋ ಅವಕಾಶ. ಬಾಡಿಗೆ ಕ್ಯಾಮೆರಾ ಅದನ್ನ ಕೊಡಲ್ಲ.

4/8

ಈ ಪೋಸ್ಟಿನ ಫೋಟೋ ವಿಜಯನಗರ ಮೆಟ್ರೋ ಕೆಳಗಿಂದು, ಕಾರ್ಡ್ ರೋಡ್. ಲೊಕೇಶನ್ ಇಲ್ಲ ಇಲ್ಲ ಅಂತ ಅಳ್ತಿರೋರಿಗೆ.

ಕ್ಯಾಮೆರಾಗೆ ದುಡ್ಡು ಕೊಟ್ಟಿದೀವಿ ಅಂದ್ರೆ ಅದಕ್ಕೆ ತಕ್ಕ ಜಾಗ ಬೇಕು ಅನ್ಸುತ್ತೆ. ಅದಕ್ಕೇ ಎಲ್ಲರೂ ಗಾಡಿ ಹತ್ತಿ ನಂದಿ ಬೆಟ್ಟ, ಇಲ್ಲಾಂದ್ರೆ ಮಂಚನಬೆಲೆ. ಅರ್ಧ ದಿನ ಪ್ರಯಾಣದಲ್ಲೇ ಹೋಯ್ತು. ಅಲ್ಲಿ ಹೋಗಿ ತೆಗೆಯೋದಾದ್ರೂ ಏನು? ಹೀರೋ ಬಂಡೆ ಮೇಲೆ ನಿಂತು ದೂರ ನೋಡೋದು. ಯಾಕೆ ನೋಡ್ತಿದಾನೆ ಅಂತ ಅವನಿಗೂ ಗೊತ್ತಿಲ್ಲ, ಡೈರೆಕ್ಟರ್‌ಗೂ ಗೊತ್ತಿಲ್ಲ.

ನಮ್ಮ ಏರಿಯಾದೋರಿಗೆ ಈ ರೋಗ ಸ್ವಲ್ಪ ಜಾಸ್ತಿ ಅಂತ ನನ್ನ ಅನುಮಾನ. ನಾವು ಬೆಳೆದಿದ್ದೇ ಎರಡು ಸ್ಟುಡಿಯೋ ನಡುವೆ. ಆ ಕಡೆ ಕಂಠೀರವ ಸ್ಟುಡಿಯೋ, 1966ರಿಂದ ಇದೆ. ನಾವು ಅಲ್ಲಿಗೆ ಹೋಗೋದು ಅಣ್ಣಾವ್ರ ಸಮಾಧಿ, ಅಪ್ಪು ಸಮಾಧಿ ನೋಡೋಕೆ. ಈ ಕಡೆ ಕೆಂಗೇರಿ ಹತ್ರ ನಟ ಬಾಲಕೃಷ್ಣ ಕಟ್ಟಿದ ಅಭಿಮಾನ್ ಸ್ಟುಡಿಯೋ. 2009ರ ಡಿಸೆಂಬರ್‌ನಲ್ಲಿ ವಿಷ್ಣುವರ್ಧನ್ ಅಂತ್ಯಕ್ರಿಯೆ ಆಗಿದ್ದು ಅಲ್ಲಿ. 2025ರ ಆಗಸ್ಟ್‌ನಲ್ಲಿ ಆ ಸಮಾಧಿನೂ ನೆಲಸಮ ಆಯ್ತು. ಹಾಗಾಗಿ ಸಿನಿಮಾ ಅಂದ್ರೆ ನಮ್ಮ ತಲೆಯಲ್ಲಿ ಗೇಟು, ವಾಚ್‌ಮನ್ನು, ಹಾರ ಹಾಕಿದ ಫೋಟೋ. ನಮ್ಮ ಬೀದಿಯಲ್ಲಿ ನಡೆಯೋದು ಸಿನಿಮಾ ಆಗಬಹುದು ಅಂತ ಅನ್ಸೋದೇ ಇಲ್ಲ.

ಕಾಮಾಕ್ಷಿಪಾಳ್ಯದ ಲೇತ್ ಶೆಡ್‌ಗಳನ್ನ ಯಾರಾದ್ರೂ ತೆಗೆದಿದೀರಾ? ನಮ್ಮ ಕ್ಲಾಸಲ್ಲೇ ಇಬ್ಬರ ಅಪ್ಪಂದಿರು ಅಲ್ಲಿ ಕೆಲಸ ಮಾಡ್ತಾರೆ. ಮಧ್ಯಾಹ್ನ ಶಟರ್ ಅರ್ಧ ಎಳೆದಾಗ ಒಳಗೆ ಬೀಳೋ ಬಿಸಿಲನ್ನ ಯಾವ ಬಾಡಿಗೆ ಲೈಟೂ ಕೊಡಲ್ಲ. ಮೈಸೂರು ರೋಡ್ ಪಕ್ಕ ಹರಿಯೋ ವೃಷಭಾವತಿ ಒಂದು ನದಿ ಅಂತ ನಮ್ಮ ಓರಗೆಯ ಎಷ್ಟು ಜನಕ್ಕೆ ಗೊತ್ತು? ಮೂಗು ಮುಚ್ಕೊಂಡು ಬಸ್ಸಲ್ಲಿ ದಾಟೋ ಇಬ್ಬರು ಹುಡುಗರ ಮೇಲೆ ಐದು ನಿಮಿಷದ ಸಿನಿಮಾ ಆಗುತ್ತೆ. ನವರಂಗ್ ಎದುರು ಕೊನೇ ಶೋ ಬಿಟ್ಟ ಮೇಲೆ ಆಟೋಗೆ ಜಗಳ ಆಡೋ ಫ್ಯಾಮಿಲಿ. ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಹತ್ರ ಗಂಧದ ವಾಸನೆ ಬಂದ್ರೆ ಸ್ಟಾಪ್ ಬಂತು ಅಂತ ಕಣ್ಣುಮುಚ್ಕೊಂಡೇ ಏಳೋ ಅಜ್ಜಿ. ಇವೆಲ್ಲ ಫ್ರೀ.

ರಾಮ್ ರೆಡ್ಡಿ 'ತಿಥಿ' ತೆಗೆದಿದ್ದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಲ್ಲಿ. ಕಥೆ ಬರೆಯೋಕೆ ಜೊತೆಗಿದ್ದ ಈರೇಗೌಡರಿಗೆ ಅದು ಸ್ವಂತ ಊರು. ಗಡ್ಡಪ್ಪ, ಸೆಂಚುರಿ ಗೌಡ ಯಾರೂ ನಟರಲ್ಲ, ಆ ಕಡೆಯ ರೈತಾಪಿ ಜನ. 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಗೋಲ್ಡನ್ ಲೆಪರ್ಡ್ ಬಂತು. ಇನ್ನೂ ಚಿಕ್ಕದು ಬೇಕಾ? ಇರಾನಿನ ಕಿಯರೋಸ್ತಮಿ 1970ರಲ್ಲಿ ಮಾಡಿದ ಮೊದಲನೇ ಸಿನಿಮಾ 'ಬ್ರೆಡ್ ಅಂಡ್ ಆಲಿ' ಸುಮಾರು ಹತ್ತು ನಿಮಿಷ. ಹುಡುಗ ರೊಟ್ಟಿ ತಗೊಂಡು ಮನೆಗೆ ಬರ್ತಿದಾನೆ, ಗಲ್ಲಿಯಲ್ಲಿ ನಾಯಿ ಇದೆ. ಅಷ್ಟೇ ಕಥೆ. ವಿಜಯನಗರದಲ್ಲಿ ಗಲ್ಲಿಗೆ ಬರ ಇಲ್ಲ, ನಾಯಿಗಂತೂ ಇಲ್ಲವೇ ಇಲ್ಲ.

5/8

ಗಿಂಬಲ್ ಪ್ರೇಮಿಗಳೇ, ಬಂದ್ರಾ.

"ಫೋನಲ್ಲಿ ತೆಗೆದ್ರೆ ಸಿನಿಮಾ ಲುಕ್ ಬರಲ್ಲ." ಶಾನ್ ಬೇಕರ್ ಅನ್ನೋರು 'ಟ್ಯಾಂಜರೀನ್' ತೆಗೆದಿದ್ದು ಐಫೋನ್ 5ಎಸ್‌ನಲ್ಲಿ, 2015ರಲ್ಲಿ ಸನ್‌ಡಾನ್ಸ್‌ನಲ್ಲಿ ತೋರಿಸಿದ್ರು. ಹತ್ತು ವರ್ಷ ಆದ್ಮೇಲೆ ಅದೇ ಮನುಷ್ಯ 'ಅನೋರಾ'ಗೆ ಒಂದೇ ರಾತ್ರಿ ನಾಲ್ಕು ಆಸ್ಕರ್ ತಗೊಂಡ. ನಿಮ್ಮ ಕೈಯಲ್ಲಿರೋ ಫೋನ್ 5ಎಸ್‌ಗಿಂತ ಕೆಟ್ಟದಾ? ಆದ್ರೆ ಅರ್ಧ ಸತ್ಯ ಹೇಳಬಾರದು. ಅವರು ಫೋನ್ ಮುಂದೆ ಒಂದು ಅಡಾಪ್ಟರ್ ಲೆನ್ಸ್ ಹಾಕಿದ್ರು, ಸೌಂಡ್‌ಗೆ ಸರಿಯಾದ ಮೈಕ್ ಇಟ್ಕೊಂಡಿದ್ರು. ಫೋನ್‌ಗೆ ಕತ್ತಲೆ ಆಗಿಬರಲ್ಲ ಅನ್ನೋದೂ ನಿಜ. ಹಾಗಾದ್ರೆ ರಾತ್ರಿ ಸೀನ್ ಬರೀಬೇಡಿ, ಅಷ್ಟೇ. ಬೆಳಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರು. ನಮ್ಮ ಏಳು ಗಂಟೆಯ ಗೆಳತಿಗೂ ಆಗಿಬರೋ ಟೈಮು.

ನಿಮ್ಮ ಫೋನ್ ವಿಡಿಯೋ ಚೀಪ್ ಆಗಿ ಕಾಣೋದಕ್ಕೆ ಫೋನ್ ಕಾರಣ ಅಲ್ಲ, ಎಲ್ಲ ಆಟೋದಲ್ಲಿ ಬಿಟ್ಟಿರೋದು ಕಾರಣ. ಮುಖ ಸ್ವಲ್ಪ ಅಲ್ಲಾಡಿದ ತಕ್ಷಣ ಬೆಳಕು ಏರೋದು ಇಳಿಯೋದು ಆಗುತ್ತಲ್ಲ, ಸ್ಕ್ರೀನ್ ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಷರ್ ಲಾಕ್ ಮಾಡಿದ್ರೆ ಅದು ನಿಲ್ಲುತ್ತೆ. ಟ್ಯೂಬ್‌ಲೈಟ್ ಕೆಳಗೆ ಪಟ್ಟೆ ಪಟ್ಟೆ ಮಿಣುಕೋದಕ್ಕೂ ಕಾರಣ ಇದೆ: ನಮ್ಮ ಕರೆಂಟು 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ರೆ ಹೋಗುತ್ತೆ. ಮ್ಯಾನುಯಲ್ ಕಂಟ್ರೋಲ್ ಕೊಡೋ ಫ್ರೀ ಆ್ಯಪ್‌ಗಳಿವೆ. ಲೆನ್ಸ್ ಮೇಲಿನ ಬೆರಳಿನ ಎಣ್ಣೆ ಬನಿಯನ್ ಬಟ್ಟೆಯಲ್ಲಿ ಒರೆಸಿ, ಅರ್ಧ "ಸಿನಿಮಾ ಲುಕ್" ಅಲ್ಲೇ ಬರುತ್ತೆ.

ಡ್ರೋನ್ ಬಗ್ಗೆ ನಾನು ಮಾತಾಡಲ್ಲ. ಮೇಲಿಂದ ನೋಡೋಕೆ ಅಂಥದ್ದೇನಿದೆ, ಸಿಂಟೆಕ್ಸ್ ಟ್ಯಾಂಕು.

6/8

ದುಡ್ಡು ಖರ್ಚು ಮಾಡಲೇಬೇಕು ಅಂತ ಕೈ ಕಡೀತಿದ್ರೆ ಸೌಂಡ್‌ಗೆ ಮಾಡಿ. ಮಸುಕು ಚಿತ್ರವನ್ನ ಜನ ಹತ್ತು ನಿಮಿಷ ಸಹಿಸ್ತಾರೆ. ಮಾತು ಕೇಳಿಸ್ಲಿಲ್ಲ ಅಂದ್ರೆ ಇಪ್ಪತ್ತು ಸೆಕೆಂಡಿಗೆ ಸ್ವೈಪ್.

ಮೈಕ್ ಕೊಳ್ಳೋಕೂ ಆಗದಿದ್ರೆ ಎರಡನೇ ಫೋನ್ ರೆಕಾರ್ಡರ್ ಆಗುತ್ತೆ. ಶರ್ಟ್ ಜೇಬಲ್ಲಿಟ್ಟು, ಹಳೇ ವೈರ್ ಇಯರ್‌ಫೋನಿನ ಮೈಕ್ ಕಾಲರ್ ಒಳಗೆ ಸಿಕ್ಕಿಸಿ. ಶಾಟ್ ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ, ಎಡಿಟ್‌ನಲ್ಲಿ ಕೈ ಸೇರೋ ಫ್ರೇಮಿಗೆ ಆ ಸದ್ದು ಕೂಡಿಸಿದ್ರೆ ಮುಗೀತು. ಕ್ಲ್ಯಾಪ್‌ಬೋರ್ಡ್ ಇರೋದೇ ಇದಕ್ಕೆ, ಪೂಜೆ ಮಾಡಿ ಫೋಟೋ ಹಾಕೋಕಲ್ಲ. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ನೆ ನಿಂತು ಅರ್ಧ ನಿಮಿಷ ಬರೀ ಆ ಜಾಗದ ಸದ್ದು ರೆಕಾರ್ಡ್ ಮಾಡ್ಕೊಳ್ಳಿ, ಕಟ್ ಮಾಡಿದ ಕಡೆ ಹೊಲಿಗೆ ಹಾಕೋಕೆ ಬೇಕಾಗುತ್ತೆ. ಮೆಟ್ರೋ ಹೋಗುತ್ತೆ, ಕಸದ ಆಟೋ ಹಾಡು ಹಾಕ್ಕೊಂಡು ಬರುತ್ತೆ, ಪಕ್ಕದ ಮನೆ ಕುಕ್ಕರ್ ಮೂರು ಸಲ ಕೂಗುತ್ತೆ. ಬರಲಿ. ಅದು ರಾಜಾಜಿನಗರದ ಸದ್ದು, ಅದನ್ನ ಅಳಿಸಿ ಯೂಟ್ಯೂಬ್ ಪಿಯಾನೋ ಹಾಕೋದ್ಯಾಕೆ?

ಇದರ ಜೊತೆ ಭಾಷೆ ವಿಷ್ಯ ಇದೆ, ನನಗೆ ಇದು ಕ್ಯಾಮೆರಾಗಿಂತ ದೊಡ್ಡದು. ಎರಡು ದಿನದಲ್ಲಿ ಗಡಿಬಿಡಿ ಶೂಟಿಂಗ್, ಸೌಂಡ್ ಹಾಳು, ಆಮೇಲೆ ಯಾರದೋ ಬೆಡ್‌ರೂಮಲ್ಲಿ ಡಬ್ಬಿಂಗ್. ಡಬ್ಬಿಂಗ್ ಅಂದ ತಕ್ಷಣ ನಮ್ಮೋರ ಗಂಟಲಿಗೆ ಏನೋ ಆಗುತ್ತೆ. ಕ್ಯಾಂಟೀನಲ್ಲಿ "ಲೇ, ಬರ್ತೀಯೇನೋ ಇಲ್ವೇನೋ" ಅನ್ನೋನು ಮೈಕ್ ಮುಂದೆ "ನೀನು ನನ್ನ ಬಾಳಲ್ಲಿ ಬಂದ ಬೆಳಕು" ಅಂತಾನೆ. ಯಾರ ಬಾಳಲ್ಲಿ, ಯಾವ ಬೆಳಕು? ನಮ್ಮ ಕ್ಲಾಸಲ್ಲಿ ಕೆಂಗೇರಿ ಆಚೆಯ ಹಳ್ಳಿ ಮಾತು ಇದೆ, ಮನೆಯಲ್ಲಿ ತಮಿಳು ತೆಲುಗು ಉರ್ದು ಆಡಿ ಬೀದಿಯಲ್ಲಿ ಕನ್ನಡ ಆಡೋರಿದಾರೆ, ರಾಯಚೂರಿಂದ ಬಂದು ಪಿಜಿಯಲ್ಲಿರೋರಿದಾರೆ. ಇಷ್ಟು ಕನ್ನಡ ಒಂದೇ ಬೆಂಚಲ್ಲಿ ಕೂತಿರೋವಾಗ ಎಲ್ಲರ ಬಾಯಿಗೂ ಒಂದೇ ಹಾಳೆ ತುರುಕ್ತೀವಿ. ರಾಯಚೂರಿನ ಹುಡುಗನಿಗೆ "ನಿನ್ನ ಸ್ಲ್ಯಾಂಗ್ ಕಾಮಿಡಿ ಪಾತ್ರಕ್ಕೆ ಮಾತ್ರ" ಅಂದಿದ್ದನ್ನ ನಾನು ಕಿವಿಯಾರೆ ಕೇಳಿದೀನಿ. ಅವನು ಹೀರೋ ಆಗಿ ಅವನ ಭಾಷೆಯಲ್ಲೇ ಅಳೋದನ್ನ ನೋಡೋಕೆ ನನಗೆ ಆಸೆ ಇದೆ.

7/8

ಚಿಕ್ಕ ಪೋಸ್ಟ್. ಮೆಸೇಜ್ ಬಗ್ಗೆ.

ಕಾಲೇಜು ಸ್ಪರ್ಧೆಗಳಲ್ಲಿ "ಸಾಮಾಜಿಕ ಸಂದೇಶ" ಅಂತ ಮಾರ್ಕ್ಸ್ ಇಡ್ತಾರೆ. ಅದಕ್ಕೇ ನಮ್ಮೋರು ಕಪ್ಪು ಸ್ಕ್ರೀನ್ ಮೇಲೆ ಬಿಳಿ ಅಕ್ಷರ ಹಾಕಿ ಮುಗಿಸ್ತಾರೆ. ಡ್ರಗ್ಸ್ ಬೇಡ, ಮೊಬೈಲ್ ಬೇಡ, ಅಪ್ಪ ಅಮ್ಮನ್ನ ನೋಡ್ಕೊಳ್ಳಿ. ಮೊಬೈಲ್ ಬೇಡ ಅನ್ನೋದನ್ನ ಮೊಬೈಲಲ್ಲೇ ನೋಡ್ಬೇಕು, ಇರಲಿ. 10,000 ಖರ್ಚಾಗಿದೆ ಅಂದ್ರೆ ಪ್ರೈಜ್ ಹೊಡೆದು ವಾಪಸ್ ತಗೋಬೇಕಲ್ಲ, ಹಾಗಾಗಿ ಜಡ್ಜ್‌ಗೆ ಏನು ಬೇಕೋ ಅದನ್ನೇ ತೆಗೀತಾರೆ. ಬಾಡಿಗೆ ಕಥೆಯನ್ನೂ ಬದಲಾಯಿಸಿಬಿಡ್ತು ನೋಡಿ.

2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಬಂದಿದ್ದು ಒಂದು ಕನ್ನಡ ಕಿರುಚಿತ್ರಕ್ಕೆ. ಮೈಸೂರಿನ ಚಿದಾನಂದ ನಾಯ್ಕ್, ಎಂಬಿಬಿಎಸ್ ಮಾಡಿ ಆಮೇಲೆ ಪುಣೆಯ ಎಫ್‌ಟಿಐಐ ಸೇರಿದೋರು. 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ', 16 ನಿಮಿಷ, ನಾಲ್ಕು ದಿನದ ಶೂಟಿಂಗ್. ಅದು ಫಿಲ್ಮ್ ಸ್ಕೂಲಿನ ಸಿನಿಮಾ, ಫೋನಿಂದಲ್ಲ, ನಾನು ಹಾಗೆ ಹೇಳ್ತಾನೂ ಇಲ್ಲ. ಆದ್ರೆ ಕಥೆ ನೋಡಿ: ಅಜ್ಜಿ ಊರಿನ ಹುಂಜ ಕದ್ಕೊಂಡು ಹೋಗ್ತಾಳೆ, ಊರಿಗೆ ಬೆಳಗೇ ಆಗಲ್ಲ. ನಾವೆಲ್ಲ ಊಟ ಮಾಡೋವಾಗ ಕೇಳಿದ ಕಥೆ. ಅದರ ಕೊನೆಯಲ್ಲಿ ಯಾವ ಸ್ಲೋಗನ್ ಬರೀತೀರಾ? "ಹುಂಜ ಕದಿಯಬೇಡಿ" ಅಂತಲಾ?

8/8

ಇನ್‌ಬಾಕ್ಸಿಗೆ ಬರೋ ಎರಡು ಪ್ರಶ್ನೆಗೆ ಮೊದಲೇ ಉತ್ತರ.

ಒಂದು, "ನಾನು ಕ್ಯಾಮೆರಾಮನ್ ಆಗ್ಬೇಕು, ಕ್ಯಾಮೆರಾ ಮುಟ್ಟದೆ ಹೆಂಗೆ ಕಲೀಲಿ?" ಖಂಡಿತ ಮುಟ್ಟು. ಒಂದು ದಿನ ಬಾಡಿಗೆಗೆ ತಗೊಂಡು ಮನೆ ಮಹಡಿ ಮೇಲೆ ಕೂತು ಅಪರ್ಚರ್, ಐಎಸ್‌ಒ ಎಲ್ಲ ತಿರುಗಿಸಿ ನೋಡು. ನಿನ್ನ ದುಡ್ಡಲ್ಲಿ, ನಿನ್ನ ಕಲಿಕೆಗೆ. ಅದನ್ನ ಒಂಬತ್ತು ಜನರ ಸಿನಿಮಾ ತಲೆ ಮೇಲೆ ಹಾಕ್ಬೇಡ.

ಇನ್ನೊಂದು, "ಲೂಸಿಯಾ ತರ ಕ್ರೌಡ್ ಫಂಡಿಂಗ್ ಮಾಡೋಣ." ಪವನ್ ಕುಮಾರ್ ಜನರ ಹತ್ರ ದುಡ್ಡು ಕೇಳೋಕೆ ಮುಂಚೆ 'ಮನಸಾರೆ', 'ಪಂಚರಂಗಿ' ಬರವಣಿಗೆಯಲ್ಲಿದ್ರು, 2011ರಲ್ಲಿ 'ಲೈಫು ಇಷ್ಟೇನೆ' ಡೈರೆಕ್ಟ್ ಮಾಡಿದ್ರು. 'ಲೂಸಿಯಾ' ಬಂದಿದ್ದು 2013ರಲ್ಲಿ. ಕೊಟ್ಟೋರಿಗೆ ಯಾರಿಗೆ ಕೊಡ್ತಿದೀವಿ ಅಂತ ಗೊತ್ತಿತ್ತು. ನಮಗೆ ಯಾರು ಕೊಡ್ತಾರೆ? ನಮ್ಮ ಚಿಕ್ಕಪ್ಪಂದಿರು. ಅವರಿಗೆ ಆಮೇಲೆ ಪ್ರತಿ ಮದುವೆಯಲ್ಲೂ "ಏನಪ್ಪಾ ಡೈರೆಕ್ಟ್ರೇ" ಅನ್ನೋ ಹಕ್ಕು ಸಿಗುತ್ತೆ.

ನಾವು ಮಾಡ್ತಿರೋದು ಇಷ್ಟು. ಒಂಬತ್ತು ಜನ, ಎರಡು ಫೋನು, ಎಂಟು ನಿಮಿಷದ ಕಥೆ. ಟೈಲರಿಂಗ್ ಅಂಗಡಿಯಲ್ಲಿ ಹಬ್ಬದ ಹಿಂದಿನ ದಿನ ಬ್ಲೌಸ್ ಕೇಳೋಕೆ ಬಂದ ಕಸ್ಟಮರ್, ಇನ್ನೂ ಗುಂಡಿ ಹೊಲಿಯದ ಮಗಳು. ಬರೆದಿರೋದು ಆ ಅಂಗಡಿಯವಳೇ, ಡೈರೆಕ್ಟ್ ಮಾಡೋದೂ ಅವಳೇ. ಅವಳಿಗೆ ಅಂಗಡಿ ಬಿಟ್ಟು ಬರೋಕಾಗಲ್ಲ ಅಂತ ನಾವೇ ಅಂಗಡಿಗೆ ಹೋಗ್ತಿದೀವಿ. ಕಸ್ಟಮರ್ ಪಾತ್ರ ರಾಯಚೂರಿನೋನದು, ಅಕ್ಕನ ಬ್ಲೌಸ್ ತಗೊಳ್ಳೋಕೆ ಬಂದಿರ್ತಾನೆ, ಅವನ ಮಾತು ಅವನೇ ಬರ್ಕೊಂಡಿದಾನೆ. ಕ್ಯಾಂಟೀನಲ್ಲಿ ಬೇರೆ ಟೇಬಲ್ಲಲ್ಲಿ ಕೂರೋ ಹುಡುಗನಿಗೆ ಸೌಂಡ್ ನೋಡ್ಕೋ ಅಂತ ಕೇಳಿದೀವಿ. ಇನ್ನೂ ಹೂಂ ಅಂದಿಲ್ಲ.

ಖರ್ಚು ಇಲ್ಲಿವರೆಗೆ 340 ರೂಪಾಯಿ. ಎಲ್ಲ ದರ್ಶಿನಿಯಲ್ಲಿ ಬೈಟು ಕಾಫಿಗೆ.

ವೈರ್ ಇರೋ ಹಳೇ ಇಯರ್‌ಫೋನ್, ಮೈಕ್ ಕೆಲಸ ಮಾಡೋದು, ಯಾರ ಹತ್ರನಾದ್ರೂ ಇದ್ರೆ ಮೆಸೇಜ್ ಮಾಡಿ. ಅತ್ತಿಗುಪ್ಪೆ ಮೆಟ್ರೋ ಹತ್ರ ಬಂದು ಇಸ್ಕೊಳ್ತೀನಿ. ಸೋಮವಾರ ಸಂಜೆ ನಾಲ್ಕಕ್ಕೆ ಮೊದಲ ಶಾಟ್.

#ರಜಾಸಿನಿಮಾ #ಬಾಡಿಗೆಬೇಡ #ವಿಜಯನಗರ #ಕನ್ನಡಕಿರುಚಿತ್ರ